ಫೋನ್ ಇಡುವ ಹದ

ಪಂಚಾಯ್ತಿ ಕಟ್ಟಡದ ಜಗಲಿಯಲ್ಲಿ ಅಕ್ಕ ಮೊಬೈಲನ್ನು ಕಿವಿಗಿಟ್ಟುಕೊಂಡು ದನಿ ದಪ್ಪ ಮಾಡಿಕೊಳ್ಳುತ್ತಾರೆ. "ಹಲೋ, ವಿಕಲಚೇತನರ ಇಲಾಖೆಯಿಂದ ಮಾತಾಡ್ತಿರೋದು. ನಿಮ್ಮ ಯುಡಿಐಡಿ ಅರ್ಜಿ ರಿಜೆಕ್ಟ್ ಆಗೋದ್ರಲ್ಲಿದೆ. ಈಗೊಂದು ಒಟಿಪಿ ಬರುತ್ತೆ, ಹೇಳಿ." ನಾಲ್ಕು ಮಾರು ಆಚೆ ಬೆಂಚಿನ ಮೇಲೆ ಕೂತಿರುವ ತಾತನಿಗೆ ಇದು ಆಟವೆಂದು ಗೊತ್ತು, ಅಕ್ಕ ಕಣ್ಣೆದುರಿಗೇ ಇದ್ದಾರೆ. ಆದರೂ ಊರುಗೋಲು ಹಿಡಿದು ಅರ್ಧ ಎದ್ದು ನಿಂತು "ಆಯ್ತು ಸಾ" ಅನ್ನುತ್ತಾರೆ.

"ನೋಡಿ ತಾತ, ಎದ್ದೇ ಬಿಟ್ರಿ! ಕೂತ್ಕೊಳ್ಳಿ, ಇನ್ನೊಂದ್ಸಲ."

ಅಕ್ಕ ನಮ್ಮ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಊರಿನವರ ಬಾಯಲ್ಲಿ ವಿಆರ್‌ಡಬ್ಲ್ಯು. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿಗೊಬ್ಬರಂತೆ ಇರುವ ಈ ಕೆಲಸಗಾರರು ತಾವೂ ವಿಕಲಚೇತನರೇ. ಸಿಗುವುದು ಗೌರವಧನ, ಓಡಾಟ ಮಾತ್ರ ಎರಡು ನೌಕರಿಯಷ್ಟು. ಎಡಗಾಲಿಗೆ ಪೋಲಿಯೊ ಆದ ಅಕ್ಕ ಸೈಡ್‌ವೀಲ್ ಸ್ಕೂಟರಿನಲ್ಲಿ ಹಳ್ಳಿ ಹಳ್ಳಿ ತಿರುಗಿ ಅರ್ಜಿ ಬರೆಸುತ್ತಾರೆ, ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಇತ್ತೀಚೆಗೆ ಅದರ ಜೊತೆಗೆ ಇನ್ನೊಂದು ವಿದ್ಯೆ ಕಲಿಸುತ್ತಿದ್ದಾರೆ, ಫೋನ್ ಇಡುವುದು. ಅದನ್ನೇನು ಕಲಿಸುವುದು ಎಂದು ನಾನೂ ನಕ್ಕವನೇ. ತಾತ ಎದ್ದು ನಿಂತದ್ದನ್ನು ನೋಡಿದ ಮೇಲೆ ನಗು ನಿಂತಿತು.

ಜೀವಮಾನವೆಲ್ಲ ಕಚೇರಿ ಬಾಗಿಲಲ್ಲಿ ನಿಂತವರ ಮೈಗೆ ಸಾಹೇಬರ ದನಿ ಇಳಿದುಬಿಟ್ಟಿರುತ್ತದೆ. ಗದರಿದವನೇ ಅಧಿಕಾರಿ, ಅವಸರ ಮಾಡಿದವನೇ ದೊಡ್ಡವನು. ವಂಚಕ ಕದಿಯುವುದು ಮೊದಲು ಈ ವಿಧೇಯತೆಯನ್ನು, ದುಡ್ಡು ಆಮೇಲೆ. "ಯಾರಿಗೂ ಒಟಿಪಿ ಹೇಳಬೇಡಿ" ಎಂಬ ಬೋರ್ಡು ಬ್ಯಾಂಕಿನ ಗೋಡೆಯ ಮೇಲೆ ವರ್ಷಗಟ್ಟಲೆಯಿಂದ ಇದೆ. ಬೋರ್ಡು ಓದಿದವರೂ ಹೇಳುತ್ತಾರೆ, ಏಕೆಂದರೆ ಸಾಹೇಬರಿಗೆ ಇಲ್ಲ ಅನ್ನಲು ಅವರಿಗೆ ಬರುವುದಿಲ್ಲ.

ಅಕ್ಕನ ಜಾಣ್ಮೆ ಇರುವುದು ಇಲ್ಲಿ. ಇಲ್ಲ ಅನ್ನುವುದನ್ನು ಆಕೆ ಕಲಿಸುವುದೇ ಇಲ್ಲ. ಒಂದು ಮಾತನ್ನು ಬಾಯಿಪಾಠ ಮಾಡಿಸುತ್ತಾರೆ: "ಆಯ್ತು ಸಾರ್, ನಾಳೆ ಕಚೇರಿಗೇ ಬಂದು ಕೇಳ್ತೀನಿ." ಅಷ್ಟು ಹೇಳಿ ಕೆಂಪು ಗುಂಡಿ ಒತ್ತಬೇಕು. ಮಾತಿನಲ್ಲಿ ಒರಟುತನವಿಲ್ಲ, ಸುಳ್ಳೂ ಇಲ್ಲ, ತಾತನಂಥವರ ಸಂಕೋಚಕ್ಕೆ ಪೆಟ್ಟಾಗುವುದಿಲ್ಲ. ಒಳಗೊಂದು ಒರೆಗಲ್ಲೂ ಇದೆ. ನಿಜವಾದ ಗುಮಾಸ್ತನಿಗೆ ಈ ಮಾತಿನಿಂದ ನಷ್ಟವೇನೂ ಇಲ್ಲ, ಬನ್ನಿ ಅನ್ನುತ್ತಾನೆ. ಕಳ್ಳನಿಗೆ ನಾಳೆ ಎಂಬುದೂ ಆಗದು, ಕಚೇರಿ ಎಂಬುದೂ ಆಗದು. "ಈಗ್ಲೇ ಆಗ್ಬೇಕು, ಲೈನ್ ಕಟ್ ಮಾಡಿದ್ರೆ ಮಾಸಾಶನ ನಿಂತೋಗುತ್ತೆ" ಎಂದು ಶುರುಮಾಡುತ್ತಾನೆ. ಆಗ ಎರಡನೇ ಉತ್ತರ ಬೇಡ. ಗುಂಡಿ ಅಷ್ಟೇ.

ಒಂದು ವಿಷಯಕ್ಕೆ ಅಕ್ಕನಿಗೆ ಸಿಟ್ಟು ಬರುತ್ತದೆ. ಕಾಲೇಜು ಹುಡುಗರು ವಂಚಕನನ್ನು ಆಟವಾಡಿಸಿ ರೆಕಾರ್ಡ್ ಮಾಡಿ ಸ್ಟೇಟಸ್ ಹಾಕುವುದು. "ಅವನು ದಿನಕ್ಕೆ ನೂರು ಜನರ ಹತ್ರ ಮಾತಾಡಿ ಪಳಗಿರೋನು, ನೀನು ಇವತ್ತು ಶುರುಮಾಡ್ದೋನು. ಅವನ ಅಖಾಡದಲ್ಲಿ ನಿಂಗೇನು ಕೆಲಸ?"

ಇನ್ನು ಕಳ್ಳದಾರಿ ಗೊತ್ತಾಗಬೇಕಾದರೆ ನಿಜದ ದಾರಿ ಗೊತ್ತಿರಬೇಕು. ಅಕ್ಕನ ಪಾಠದ ಮುಕ್ಕಾಲು ಭಾಗ ಅದೇ. ಯುಡಿಐಡಿ ಅಂದರೆ ವಿಕಲಚೇತನರ ಗುರುತಿನ ಕಾರ್ಡು, ಅದರ ಅರ್ಜಿಗೆ ಶುಲ್ಕವಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಯಾವುದೇ ಇರಲಿ, ಎಷ್ಟು ಶೇಕಡ ಎಂದು ಬರೆಯುವವರು ಆಸ್ಪತ್ರೆಯಲ್ಲಿ ಎದುರಿಗೆ ಕೂರಿಸಿಕೊಂಡು ನೋಡಿದ ವೈದ್ಯರು. ಶೇಕಡ 40ಕ್ಕಿಂತ ಕಡಿಮೆಯಿದ್ದರೆ ಬಿಳಿ ಕಾರ್ಡು, 40ರಿಂದ 80ರೊಳಗೆ ಹಳದಿ, 80 ಅಥವಾ ಅದಕ್ಕಿಂತ ಮೇಲಿದ್ದರೆ ನೀಲಿ. "ಹಳದೀನ ನೀಲಿ ಮಾಡಿಸ್ಕೊಡ್ತೀನಿ, ಎರಡು ಸಾವಿರ ಕಳಿಸಿ" ಎಂದು ಫೋನಿನಲ್ಲಿ ಹೇಳುವವನು ನಿಮ್ಮ ಕಾಲನ್ನು ಎಂದು ನೋಡಿದ್ದ? ಮಾಸಾಶನದ ಅರ್ಜಿ ಹೋಗುವುದು ನಾಡಕಚೇರಿಗೆ, ಪರಿಶೀಲನೆಗೆ ಬರುವುದು ಗ್ರಾಮ ಆಡಳಿತಾಧಿಕಾರಿ. ಒಟಿಪಿ ಬರುತ್ತದೆ, ಬರುವುದಿಲ್ಲ ಎಂದಲ್ಲ. ಆದರೆ ಅದು ಬರಬೇಕಾದ್ದು ನಾವೇ ಕಂಪ್ಯೂಟರ್ ಮುಂದೆ ಕೂತು ಅರ್ಜಿ ತೆರೆದಾಗ. ಎಮ್ಮೆ ಮೇಯಿಸುತ್ತಿರುವಾಗ ಬಂದ ಒಟಿಪಿ ಬೇರೆ ಯಾರೋ ನಮ್ಮ ಬಾಗಿಲು ತಟ್ಟುತ್ತಿರುವ ಸದ್ದು.

ಹೆಸರು, ಊರು, ಅರ್ಜಿ ಹಾಕಿದ್ದು, ಕರೆ ಮಾಡಿದವನು ಎಲ್ಲ ಹೇಳಿದನಲ್ಲ ಎನ್ನುತ್ತಾರೆ ಜನ. ಜೆರಾಕ್ಸ್ ಅಂಗಡಿಯಲ್ಲಿ ಬಿಟ್ಟುಬಂದ ಪ್ರತಿ, ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದ ಆಧಾರ್ ಫೋಟೊ, ಇಷ್ಟಿದ್ದರೆ ಯಾರಾದರೂ ಹೇಳಿಯಾರು. ಇದಕ್ಕಿಂತ ದೊಡ್ಡ ತೂತನ್ನು ಅಕ್ಕ ತೋರಿಸಿದರು: ಅರ್ಜಿಯಲ್ಲಿರುವುದು ಯಾರ ನಂಬರು? ಎಷ್ಟೋ ಅರ್ಜಿಗಳಲ್ಲಿ ಅಣ್ಣನ ಮಗನದ್ದೋ ಸೈಬರ್ ಅಂಗಡಿಯವನದ್ದೋ ಇರುತ್ತದೆ. ಆಕೆ ಮೊದಲು ತಿದ್ದಿಸುವುದು ಅದನ್ನೇ.

ಹಣ ಬರುತ್ತದೆ ಎಂಬ ಆಸೆಯ ಕರೆಗೆ ಅಕ್ಕನ ಹತ್ತಿರ ಒಂದು ಹೋಲಿಕೆಯಿದೆ. "ಮೂರು ತಿಂಗಳ ಬಾಕಿ ಬಂದಿದೆ, ಪಿನ್ ಒತ್ತಿದ್ರೆ ಖಾತೆಗೆ ಬೀಳುತ್ತೆ" ಎನ್ನುತ್ತಾನೆ ಕಳ್ಳ. ಯುಪಿಐ ಪಿನ್ ಹಣ ಕಳಿಸುವುದಕ್ಕೆ, ಪಡೆಯುವುದಕ್ಕೆ ಬೇಕಿಲ್ಲ. ಇದನ್ನು ಆಕೆ ಹೇಳುವ ರೀತಿ: "ದೇವಸ್ಥಾನದ ಹುಂಡಿಗೆ ಕಾಸು ಹಾಕೋಕೆ ಬೀಗ ತೆಗೀಬೇಕೇನವ್ವ? ತೆಗೆಯೋದು ಯಾವಾಗ?" ಕೂತ ಹೆಂಗಸರೆಲ್ಲ ಒಟ್ಟಿಗೆ "ಎತ್ಕೊಳ್ಳೋಕೆ!" ಎನ್ನುತ್ತಾರೆ.

ಪ್ರತಿಯೊಬ್ಬರ ದೇಹಕ್ಕೆ ತಕ್ಕ ಹಾಗೆ ವಿದ್ಯೆ ಬದಲಾಗುವುದನ್ನು ನಾನು ಅಲ್ಲೇ ಮೊದಲು ಕಂಡದ್ದು. ಕಣ್ಣು ಕಾಣದ ಯುವಕನೊಬ್ಬ ಬರುತ್ತಾನೆ. ಅವನ ಫೋನಿನಲ್ಲಿ ಟಾಕ್‌ಬ್ಯಾಕ್ ತೆರೆಯ ಮೇಲಿನದನ್ನೆಲ್ಲ ಓದಿ ಹೇಳುತ್ತದೆ, ಒಟಿಪಿಯನ್ನೂ. ಪಕ್ಕದವನಿಗೂ ಕೇಳುತ್ತದೆ, ಕರೆಯಲ್ಲಿರುವವನಿಗೂ ಕೇಳಬಹುದು. ಅವನಿಗೆ ಪಾಠದ ಮೊದಲ ಸಾಲು ಒಂದು ಇಯರ್‌ಫೋನು. ಸಂದೇಶ ಕಳಿಸಿದವರ ಹೆಸರಿನ ಕೊನೆಗೆ 'ಜಿ' ಅಕ್ಷರವಿದ್ದರೆ ಅದು ಸರ್ಕಾರದ್ದೆಂಬ ಗುರುತು 2025ರಲ್ಲಿ ಬಂದಿದೆಯಲ್ಲ, ಅದನ್ನು ನಮ್ಮಂಥವರು ನೋಡುವುದೇ ಇಲ್ಲ, ಅವನಿಗೆ ಅದು ಕಿವಿಗೆ ಬೀಳುತ್ತದೆ. ಕಿವಿ ಕೇಳದ ಅಕ್ಕತಂಗಿಯರಿಗೆ ಕರೆಯ ಕಾಟವಿಲ್ಲ, ವಾಟ್ಸ್ಯಾಪಿನಲ್ಲಿ 'ಪೆನ್ಷನ್ ಆ್ಯಪ್' ಎಂದು ಬರುವ ಎಪಿಕೆ ಫೈಲಿನ ಕಾಟ. ಒತ್ತಿದರೆ ಫೋನೇ ಪರರ ಕೈಗೆ. ಅಂಥ ಸಂದೇಶದ ಚಿತ್ರವನ್ನು ಅಕ್ಕ ಪೋಸ್ಟರಿನಷ್ಟು ದೊಡ್ಡದಾಗಿ ಬರೆದು ಅಡ್ಡಗೆರೆ ಎಳೆದು ಗೋಡೆಗೆ ಅಂಟಿಸಿದ್ದಾರೆ.

ಜಾರಿದವರನ್ನು ಅಕ್ಕ ಬೈಯುವುದಿಲ್ಲ. ಬೈದರೆ ಮುಂದಿನವರು ಮುಚ್ಚಿಡುತ್ತಾರೆ, ಮುಚ್ಚಿಟ್ಟಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತದೆ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಅದರ ಬೆನ್ನಿಗೇ ಬ್ಯಾಂಕಿಗೆ. ವಂಚಕರ ಖಾತೆಯಲ್ಲಿ ಹಣ ಇನ್ನೂ ಉಳಿದಿದ್ದರೆ ತಡೆಹಿಡಿಯಬಹುದು. ನಾವೇ ಒಟಿಪಿ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ತಿಳಿಸಿದ ಹೊತ್ತನ್ನು ಬರೆದಿಟ್ಟುಕೊಳ್ಳಿ ಎಂದು ಆಕೆ ಪಟ್ಟುಹಿಡಿಯುವುದು ಅದಕ್ಕೇ.

ನನಗೊಂದು ದೂರಿದೆ. ನಿಜವಾದ ಕಚೇರಿಯವರೂ ತಮ್ಮ ಸ್ವಂತ ಮೊಬೈಲಿನಿಂದಲೇ ಕರೆಯುತ್ತಾರೆ, ಹೆಸರು ಹೇಳದೆ ಗದರುತ್ತಾರೆ. ಕಳ್ಳನಿಗೆ ಪಾಠ ಹೇಳಿಕೊಟ್ಟವರು ಯಾರು ಹಾಗಾದರೆ?

ಅಂದು ಮಧ್ಯಾಹ್ನ ಅಭ್ಯಾಸ ಮುಗಿದು ಮಂಡಕ್ಕಿ ಹಂಚುತ್ತಿರುವಾಗ ತಾತನ ಫೋನು ನಿಜವಾಗಿ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಜಗಲಿ ಸುಮ್ಮನಾಯಿತು. ಸ್ಪೀಕರಿನಲ್ಲಿ ಗಂಡುದನಿ, ನಿಮ್ಮ ಮಾಸಾಶನದ ಕಾಗದದಲ್ಲಿ ಏನೋ ತಪ್ಪಿದೆ ಅಂತು. ತಾತ ಈ ಸಲ ಕೂತೇ ಇದ್ದರು. "ಆಯ್ತು ಸಾರ್, ನಾಳೆ ಕಚೇರಿಗೇ ಬಂದು ಕೇಳ್ತೀನಿ."

"ಬನ್ನಿ," ಎಂದಿತು ದನಿ. "ಹನ್ನೊಂದರ ಮೇಲೆ ಬನ್ನಿ. ಊಟದ ಹೊತ್ತಿಗೆ ಬಂದು ತಲೆ ತಿನ್ಬೇಡಿ."

ಅಕ್ಕ ಮಂಡಕ್ಕಿ ಬಾಯಿಗೆಸೆದುಕೊಂಡು ಹೇಳಿದರು, "ಇದು ಸರ್ಕಾರದ್ದೇ. ಹೋಗ್ಬನ್ನಿ ತಾತ."