ಶಾಲೆಯ ತೋಟದಲ್ಲಿ ಬೇಸಾಯದ ಪಾಠ

ನಮ್ಮ ಶಾಲೆಯ ಹಿತ್ತಲಿನಲ್ಲಿ ವಿದ್ಯಾರ್ಥಿನಿಯರು ಗುದ್ದಲಿ ಹಿಡಿದಿರುವುದನ್ನು ಕಂಡು ಕೆಲವು ತಂದೆತಾಯಿಗಳು ಬೇಸರಪಟ್ಟದ್ದುಂಟು. "ಮಣ್ಣಿನ ಕೆಲಸ ತಪ್ಪಲೆಂದೇ ಅಲ್ಲವೆ, ಅಮ್ಮನವರೇ, ಮಗಳನ್ನು ಓದಲು ಕಳುಹಿಸಿದ್ದು?" ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಹೊಲದ ದುಡಿಮೆಯ ಕಷ್ಟವನ್ನು ಉಂಡವರ ಬಾಯಿಂದಲೇ ಅದು ಬರುವುದು. ಆದಕಾರಣ ಈ ಸಂಚಿಕೆಯ ಮೂಲಕ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತೋಟದ ಪಾಠವೆಂದರೇನೆಂಬುದನ್ನು ವಿವರಿಸಬಯಸುತ್ತೇನೆ.

ದುಡಿಮೆ ಬೇರೆ, ಬೇಸಾಯದ ವಿದ್ಯೆ ಬೇರೆ. ಆಫ್ರಿಕಾ ಖಂಡದ ಉಗಾಂಡಾ ದೇಶದ ಎಡ್ವರ್ಡ್ ಮುಕೀಬಿ ಎಂಬವರು ತಮ್ಮ ಬಾಲ್ಯದಲ್ಲಿ ಶಾಲೆಯ ಹೊಲದ ಕೆಲಸವನ್ನು ಮಕ್ಕಳಿಗೆ ಶಿಕ್ಷೆಯಾಗಿ ಕೊಡುತ್ತಿದ್ದರೆಂದು ಹೇಳಿದ್ದಾರೆ. ಹಾಗೆ ಬೆಳೆದ ಮಕ್ಕಳು ಹೊಲವನ್ನು ದ್ವೇಷಿಸದೆ ಇನ್ನೇನು ಮಾಡಿಯಾರು? ಮಕೆರೆರೆ ವಿಶ್ವವಿದ್ಯಾನಿಲಯದಲ್ಲಿ ಕೃಷಿಶಾಸ್ತ್ರವನ್ನು ಅಭ್ಯಾಸ ಮಾಡಿದ ಅವರು 2006ರಲ್ಲಿ ಸ್ನೇಹಿತರೊಡನೆ ಶಾಲಾತೋಟಗಳ ಕಾರ್ಯವನ್ನು ಆರಂಭಿಸಿ, ಮಕ್ಕಳು ನಾಡಿನ ಬೆಳೆಗಳನ್ನು ಬೆಳೆದು, ಅಡಿಗೆ ಮಾಡಿ, ಕೂಡಿ ಉಣ್ಣುವಂತೆ ಮಾಡಿದರು. 2022ರಲ್ಲಿ ಅವರು 'ಸ್ಲೋ ಫುಡ್' ಎಂಬ ಲೋಕವ್ಯಾಪಿ ಸಂಸ್ಥೆಗೆ ಅಧ್ಯಕ್ಷರಾದರು. ನಮ್ಮಲ್ಲಿಯೂ ತಡವಾಗಿ ಬಂದವಳಿಗೆ ಕಳೆ ಕೀಳುವ ಶಿಕ್ಷೆಯಿಲ್ಲ. ಈ ನಿಯಮವನ್ನು ನಾನು ಬಹು ಕಟ್ಟುನಿಟ್ಟಾಗಿ ನಡೆಸುತ್ತೇನೆ.

ಉಗಾಂಡಾ ಎಲ್ಲಿ, ದೊಡ್ಡಬಳ್ಳಾಪುರ ಎಲ್ಲಿ ಎನ್ನಬೇಡಿರಿ. ನಾವು ದಿನವೂ ಉಣ್ಣುವ ರಾಗಿ ಪೂರ್ವ ಆಫ್ರಿಕಾದ ಎತ್ತರದ ಸೀಮೆಗಳಿಂದಲೇ ಬಹು ಪ್ರಾಚೀನ ಕಾಲದಲ್ಲಿ ಇಲ್ಲಿಗೆ ಬಂದದ್ದು. ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಸಂಕರಗೊಳಿಸಿ ಪಡೆದ ತಳಿಗಳಿಗೆ 'ಇಂಡಾಫ್' ಎಂಬ ಹೆಸರು ಬಂದದ್ದು ಇಂಡಿಯಾ, ಆಫ್ರಿಕಾ ಎಂಬ ಎರಡು ಹೆಸರುಗಳು ಕೂಡಿ.

ನಮ್ಮ ತೋಟದ ಮುಖ್ಯ ಪಾಠವು ಅಕ್ಕಡಿ ಸಾಲು. ನಿಮ್ಮಲ್ಲಿ ಅನೇಕರ ಅಜ್ಜಿಯರು ಇದನ್ನು ಪುಸ್ತಕವಿಲ್ಲದೆ ಬಲ್ಲವರು. ರಾಗಿಯ ಕೆಲವು ಸಾಲುಗಳಾದ ಮೇಲೆ ಅವರೆ, ತೊಗರಿ, ಹುಚ್ಚೆಳ್ಳು, ಅಲಸಂದೆಗಳ ಒಂದು ಸಾಲು. ಇದರ ಯುಕ್ತಿಯನ್ನು ಬಾಲಿಕೆಯರು ಗಿಡ ಕಿತ್ತು ನೋಡಿ ತಿಳಿಯುತ್ತಾರೆ. ರಾಗಿಯ ಬೇರು ಮೇಲ್ಮಣ್ಣಿನಲ್ಲಿ ಹರಡುವುದು. ತೊಗರಿಯ ತಾಯಿಬೇರು ಆಳಕ್ಕಿಳಿಯುವುದು. ಅವರೆಯ ಬೇರಿನ ಸಣ್ಣ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಹುಚ್ಚೆಳ್ಳಿನ ಹಳದಿ ಹೂ ಜೇನನ್ನು ಕರೆಯುವುದು. ಹಸ್ತ ಚಿತ್ತೆ ಮಳೆಗಳು ಕೈಕೊಟ್ಟು ರಾಗಿ ಬಾಡಿದರೂ ತೊಗರಿ ತಾಳಿಕೊಳ್ಳುವುದು. ರಾಗಿ ಕೊಯ್ದ ಮೇಲೆ ಇಬ್ಬನಿಯನ್ನುಂಡು ಸೊಗಡವರೆ ಕಾಯಿ ಕಟ್ಟುವುದು. ಒಂದು ಪಾತಿಯಲ್ಲಿ ಬರಿಯ ರಾಗಿಯನ್ನೂ ಪಕ್ಕದ ಪಾತಿಯಲ್ಲಿ ಅಕ್ಕಡಿಯನ್ನೂ ಬಿತ್ತಿ, 9ನೆಯ ತರಗತಿಯವರು ಎರಡರ ಫಸಲನ್ನೂ ತೂಗಿ ಬರೆದಿಡುತ್ತಾರೆ. ಮಳೆ ಚೆನ್ನಾದ ವರ್ಷ ಬರಿಯ ರಾಗಿಯ ಪಾತಿಯಲ್ಲಿ ರಾಗಿ ಹೆಚ್ಚಾಗಿಯೇ ಬರುವುದುಂಟು. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಅಕ್ಕಡಿಯ ಪಾತಿಯು ಒಂದೇ ಮಳೆಯನ್ನು ನಂಬಿ ಕುಳಿತದ್ದಲ್ಲ.

ತಿಪ್ಪೆಗೊಬ್ಬರ, ಹೊಂಗೆಸೊಪ್ಪು, ಬೇವಿನ ಹಿಂಡಿ ಇವುಗಳ ವಿಷಯ ನಿಮಗೆ ಹೊಸದಲ್ಲ. ನೀರಿನ ಲೆಕ್ಕವನ್ನು ಮಾತ್ರ ಹೇಳಲೇಬೇಕು. ಈ ಸೀಮೆಯ ಮಳೆ ವರ್ಷಕ್ಕೆ ಸುಮಾರು 800 ಮಿಲಿಮೀಟರು. ಎಂದರೆ 100 ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷವೊಂದಕ್ಕೆ 80,000 ಲೀಟರು ನೀರು ಬೀಳುವುದು. ಹೊಸಕೋಟೆ, ದೇವನಹಳ್ಳಿಗಳ ಕಡೆ 1,000 ಅಡಿ ಕೊರೆದರೂ ನೀರು ಕಾಣದ ಕೊಳವೆ ಬಾವಿಗಳ ಕಥೆಯನ್ನು ಮನೆಯಲ್ಲಿ ಕೇಳಿ ಬಂದ ಹುಡುಗಿಗೆ ಈ ಗುಣಾಕಾರವು ಬರಿಯ ಗುಣಾಕಾರವಾಗಿ ಉಳಿಯುವುದಿಲ್ಲ.

ಬೀಜದ ಪಾಠಕ್ಕೆ ಉಪಾಧ್ಯಾಯಿನಿಯರು ನಾವಲ್ಲ, ಊರಿನ ತಾಯಂದಿರೇ. ಅವರೆ ಬೀಜಕ್ಕೆ ಕೆಮ್ಮಣ್ಣು ಬಳಿದು ಒಣಗಿಸುವುದನ್ನೂ, ಬೂದಿ ಬೇವಿನೆಲೆಗಳ ನಡುವೆ ಮಡಕೆಯಲ್ಲಿ ತುಂಬಿಡುವುದನ್ನೂ ಅವರು ತೋರಿಸುತ್ತಾರೆ. ನಾವು ಕಲಿಸುವುದು ಇಷ್ಟೇ: 100 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ಎಣಿಸಿ, ಬಿತ್ತುವುದಕ್ಕೆ ಮುಂಚೆಯೇ ಬೀಜದ ಗುಣವನ್ನರಿಯುವುದು. ಆ ತಾಯಂದಿರಲ್ಲಿ ಓದು ಬಾರದವರೂ ಇದ್ದಾರೆ. ಅವರು ಕರಿಹಲಗೆಯ ಮುಂದೆ ನಿಂತು ಹೇಳುವಾಗ ಅವರ ಹೆಣ್ಣುಮಕ್ಕಳ ಮುಖವನ್ನು ನೀವು ನೋಡಬೇಕು.

ಹೆಣ್ಣುಮಕ್ಕಳಿಗೇ ಏಕೆ ಈ ಪಾಠ ಎಂಬವರಿಗೆ ಒಂದು ಮಾತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲುಂಟೆಂದು ಕರ್ನಾಟಕದಲ್ಲಿ 1994ರಲ್ಲಿಯೂ ಇಡೀ ದೇಶಕ್ಕೆ 2005ರಲ್ಲಿಯೂ ಶಾಸನವಾಯಿತು. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನನಿಲ್ದಾಣವು ತೆರೆದ ಮೇಲೆ ಸುತ್ತಲ ನೆಲದ ಬೆಲೆ ಏರಿದ್ದನ್ನು ನೀವೇ ಕಂಡಿದ್ದೀರಿ. ತನ್ನ ಪಾಲಿನ ಮಣ್ಣು ಏನನ್ನು ಬೆಳೆದೀತೆಂದು ಅರಿಯದ ಮಗಳಿಗೆ ದಳ್ಳಾಳಿಯು ಹೇಳಿದ್ದೇ ಬೆಲೆ. ಅವಳು ಬೇಸಾಯ ಮಾಡಲಿ ಬಿಡಲಿ, ದಾದಿಯಾಗಲಿ ಗುಮಾಸ್ತೆಯಾಗಲಿ, ಸಹಿ ಹಾಕುವುದಕ್ಕೆ ಮುಂಚೆ ಅವಳಿಗೆ ಅಷ್ಟಾದರೂ ತಿಳಿದಿರಬೇಕು. ಬೇಸಾಯದಲ್ಲಿ ಮಾನವಿಲ್ಲವೆಂಬುದೂ ಸರಿಯಲ್ಲ. ದೊಡ್ಡಬಳ್ಳಾಪುರದ ಬಳಿ ಸಾವಯವ ಬೇಸಾಯ ಮಾಡಿ 2019ರಲ್ಲಿ ತೀರಿಕೊಂಡ ಎಲ್. ನಾರಾಯಣ ರೆಡ್ಡಿಯವರ ಹೊಲವನ್ನು ನೋಡಲು ದೂರದೂರದಿಂದ ಜನರು ಬರುತ್ತಿದ್ದರು.

ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಕೋರಿಕೆಯುಂಟು. ನಿಮ್ಮ ತವರಿನಲ್ಲಾಗಲಿ ಅತ್ತೆಯ ಮನೆಯಲ್ಲಾಗಲಿ ಹಳೆಯ ಅವರೆ, ತೊಗರಿ, ಸೋರೆ, ಹೀರೆಗಳ ನಾಟಿ ಬೀಜವಿದ್ದರೆ ಒಂದು ಹಿಡಿ ಕಟ್ಟಿ, ಊರಿನ ಹೆಸರನ್ನೂ ಬೀಜವನ್ನು ಕಾಪಾಡಿದವರ ಹೆಸರನ್ನೂ ಚೀಟಿಯಲ್ಲಿ ಬರೆದು, ಆರಿದ್ರಾ ಮಳೆಗೆ ಮುಂಚೆ ಶಾಲೆಗೆ ತಲುಪಿಸಿರಿ. ಸುಗ್ಗಿಯಾದ ಮೇಲೆ ಎರಡು ಹಿಡಿಯಾಗಿ ಹಿಂದಿರುಗಿಸುತ್ತೇವೆ.