ಸೋಮವಾರಪೇಟೆಯ ಸುನಿಲ್: ಹದಿನಾಲ್ಕು ವರ್ಷ ಮುಂಚೂಣಿಯಲ್ಲಿ

ಬೇಸಿಗೆ ರಜೆಯಲ್ಲಿ ಕೆ.ಆರ್. ಪೇಟೆ ತಾಲೂಕಿನ ಸಂತೆಬಾಚಹಳ್ಳಿಯ ಆಪಾ ಮನೆಗೆ ಹೋಗಿದ್ದೆ. ಮನೆಯಲ್ಲಿ ಒಂದು ಪಂಚಾಯಿತಿ ನಡೆಯುತ್ತಿತ್ತು. ಓಟದಲ್ಲಿ ಸದಾ ಮುಂದಿರುವ ಮಗನನ್ನು ಕೊಡಗಿನ ಕೂಡಿಗೆಯ ಕ್ರೀಡಾಶಾಲೆಯ ಆಯ್ಕೆಗೆ ಕಳುಹಿಸಿ, ಹಾಕಿಗೆ ತೆಗೆದುಕೊಂಡರೂ ತೆಗೆದುಕೊಳ್ಳಬಹುದು ಎಂದು ಶಾಲೆಯ ಮೇಷ್ಟ್ರು ಹೇಳಿದ್ದರು. ಹುಡುಗ ಕುಣಿಯುತ್ತಿದ್ದ. ಆಪಾ ಮಾತ್ರ ಒಂದೇ ಪಟ್ಟು ಹಿಡಿದಿದ್ದಳು.

"ಆಟ ಆಡಿ ಯಾರ ಹೊಟ್ಟೆ ತುಂಬಿದೆ? ಇಷ್ಟು ಚಿಕ್ಕವನನ್ನು ಹಾಸ್ಟೆಲಿಗೆ ಬಿಟ್ಟು ನಾನು ಹೇಗೆ ಊಟ ಮಾಡಲಿ?"

ಹುಡುಗ ನನ್ನ ಕಡೆ ನೋಡಿದ. "ಖಾಲಾ, ನೀವಾದರೂ ಹೇಳಿ."

ನಮ್ಮ ಕಡೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಗೊತ್ತು. ಹಾಕಿ ಎಂದರೆ ಕೊಡಗಿನವರ ಆಟ ಎಂದು ಬಿಟ್ಟುಬಿಡುತ್ತೇವೆ. ನನಗೆ ಆಗ ನೆನಪಾದದ್ದು ಅದೇ ಕೊಡಗಿನ ಸೋಮವಾರಪೇಟೆಯ ಎಸ್.ವಿ. ಸುನಿಲ್. ಅವರ ಕಥೆಯನ್ನು ಆಪಾಗೆ ಹೇಳಿದೆ. ಇಲ್ಲಿ ಬರೆಯುತ್ತಿರುವುದೂ ಅದನ್ನೇ.

ಕೊಡಗು ಎಂದ ತಕ್ಷಣ ಕಾಫಿ ತೋಟ, ದೊಡ್ಡ ಮನೆತನಗಳು ಕಣ್ಣ ಮುಂದೆ ಬರುತ್ತವೆ. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಈಗ ಗಿನ್ನೆಸ್ ದಾಖಲೆಗೆ ಸೇರಿದೆ. ಸುನಿಲ್ ಅಂಥ ಮನೆತನದಿಂದ ಬಂದವರಲ್ಲ. ತಂದೆ ವಿಠಲಾಚಾರ್ಯ ಮರಗೆಲಸ ಮಾಡುತ್ತಿದ್ದರು. ತಾಯಿಯನ್ನು ಸುನಿಲ್ ಚಿಕ್ಕ ವಯಸ್ಸಿನಲ್ಲೇ ಕಳೆದುಕೊಂಡರು. 1989ರ ಮೇ 6ರಂದು ಹುಟ್ಟಿದ ಆ ಹುಡುಗ ಹದಿನೆಂಟು ತುಂಬಿದ ಕೆಲವೇ ತಿಂಗಳಲ್ಲಿ ಭಾರತ ತಂಡದಲ್ಲಿದ್ದ. 2007ರಲ್ಲಿ ಚೆನ್ನೈಯಲ್ಲಿ ನಡೆದ ಏಷ್ಯಾ ಕಪ್ ಅವರ ಮೊದಲ ದೊಡ್ಡ ಪಂದ್ಯಾವಳಿ. ಫೈನಲಿನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 7-2ರಿಂದ ಸೋಲಿಸಿತು.

ಇಷ್ಟು ಒಳ್ಳೆಯ ಆರಂಭದ ಮರುವರ್ಷವೇ ಭಾರತೀಯ ಹಾಕಿ ಪಾತಾಳಕ್ಕಿಳಿಯಿತು. 2008ರ ಬೀಜಿಂಗ್ ಒಲಿಂಪಿಕ್ಸಿಗೆ ನಮ್ಮ ತಂಡ ಅರ್ಹತೆಯನ್ನೇ ಪಡೆಯಲಿಲ್ಲ. ಎಂಟು ದಶಕಗಳಲ್ಲಿ ಹೀಗಾದದ್ದು ಅದೇ ಮೊದಲು.

2009ರಲ್ಲಿ ಮಲೇಷ್ಯಾದ ಇಪೋದಲ್ಲಿ ಸುಲ್ತಾನ್ ಅಜ್ಲಾನ್ ಶಾ ಕಪ್ ನಡೆಯುತ್ತಿತ್ತು. ಪಂದ್ಯಾವಳಿಯ ನಡುವೆ ಊರಿನಿಂದ ಸುದ್ದಿ ಬಂತು. ತಂದೆ ಇನ್ನಿಲ್ಲ. ಸುನಿಲ್‌ಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ಅವರು ಹೊರಡಲಿಲ್ಲ, ತಂಡದೊಂದಿಗೇ ಉಳಿದು ಆಡಿದರು. ಭಾರತ ಆ ಕಪ್ ಗೆದ್ದಿತು.

ಇಲ್ಲಿಗೆ ಬಂದಾಗ ಆಪಾ ನನ್ನನ್ನು ತಡೆದಳು. "ಅಪ್ಪನ ಮುಖವನ್ನೂ ನೋಡಲಿಲ್ಲವಾ?" ಎಂದಳು. ಅವಳ ದನಿಯಲ್ಲಿ ಸಿಟ್ಟಿತ್ತೋ ಮರುಕವಿತ್ತೋ, ನನಗೆ ತಿಳಿಯಲಿಲ್ಲ. ಮಗ ಗಲ್ಫಿನಲ್ಲಿರುವ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಯನ್ನು ಕೇಳಿದ್ದೇನೆ. ದಫನ್‌ಗೆ ನಾವು ಹೆಚ್ಚು ಹೊತ್ತು ಕಾಯುವುದಿಲ್ಲ. ಮಗ ವಿಮಾನ ಹತ್ತುವ ಮೊದಲೇ ಎಲ್ಲ ಮುಗಿದಿರುತ್ತದೆ. ದುಡಿಮೆಗಾಗಿ ದೂರ ಹೋದವರು ತೆರುವ ಈ ಬೆಲೆಯನ್ನು ಆಟಗಾರನೂ ತೆರಬೇಕಾಗುತ್ತದೆ ಎಂದು ನಾವು ಯೋಚಿಸುವುದೇ ಇಲ್ಲ. ಅವರು ಮಾಡಿದ್ದು ಸರಿಯೇ ಎಂದು ತೀರ್ಪು ಕೊಡಲು ನಾನಂತೂ ಸಿದ್ಧಳಿಲ್ಲ.

ಸುನಿಲ್ ಆಡಿದ್ದು ಫಾರ್ವರ್ಡ್ ಸ್ಥಾನದಲ್ಲಿ, ಅಂದರೆ ಎದುರಾಳಿಯ ಗೋಲಿನ ಕಡೆಗೆ ನುಗ್ಗುವವರ ಸಾಲಿನಲ್ಲಿ. ಬಲ ಅಂಚಿನಲ್ಲಿ ಅವರ ಓಟ ಶುರುವಾದರೆ ಹಿಡಿಯುವುದು ಕಷ್ಟವಿತ್ತು. ಒಟ್ಟು 264 ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಅವರು ಹೊಡೆದ ಗೋಲುಗಳು 72. ಲೆಕ್ಕ ಹಾಕಿದರೆ ಮೂರ್ನಾಲ್ಕು ಪಂದ್ಯಕ್ಕೊಂದು. ಇಷ್ಟೇನಾ ಎನ್ನಬೇಡಿ. ಅಂಚಿನಲ್ಲಿ ಓಡುವವನು ಚೆಂಡನ್ನು ವೃತ್ತದೊಳಗೆ ಒಯ್ದು ಇನ್ನೊಬ್ಬನಿಗೆ ಕೊಡುತ್ತಾನೆ, ಇಲ್ಲವೇ ಎದುರಾಳಿಯ ತಪ್ಪಿನಿಂದ ಪೆನಾಲ್ಟಿ ಕಾರ್ನರ್ ಗಿಟ್ಟಿಸುತ್ತಾನೆ. ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಹಬ್ಬದ ದಿನ ಅಡುಗೆ ಮಾಡಿದವಳಿಗಿಂತ ಬಡಿಸಿದವರೇ ಹೆಚ್ಚು ಹೊಗಳಿಸಿಕೊಳ್ಳುವುದಿಲ್ಲವೇ, ಹಾಗೆ.

ಈಗಿನ ಹಾಕಿ ಕೃತಕ ಹಾಸಿನ ಮೇಲಿನ ಆಟ. ಚೆಂಡು ಮಿಂಚಿನಂತೆ ಹೋಗುತ್ತದೆ. 35 ನಿಮಿಷಗಳ ಎರಡು ಅವಧಿಗಳ ಬದಲು 15 ನಿಮಿಷಗಳ ನಾಲ್ಕು ಅವಧಿಗಳು ಬಂದಿವೆ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಹಾಗಾಗಿ ಮೈದಾನದಲ್ಲಿದ್ದಷ್ಟು ಹೊತ್ತೂ ಫಾರ್ವರ್ಡ್ ಆದವನು ಪೂರ್ತಿ ವೇಗದಲ್ಲಿ ಓಡಲೇಬೇಕು. ಇದಕ್ಕೆ ಮೊದಲು ಸೋಲುವುದು ಮೊಣಕಾಲು.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸುನಿಲ್ ಇದ್ದರು, ಆದರೆ ತಂಡ ಹನ್ನೆರಡನೆಯ ಸ್ಥಾನದಲ್ಲಿ, ಅಂದರೆ ಕೊನೆಯಲ್ಲಿ ಉಳಿಯಿತು. ಎರಡೇ ವರ್ಷದಲ್ಲಿ ಚಿತ್ರ ಬದಲಾಯಿತು. 2014ರ ಅಕ್ಟೋಬರ್ 2ರಂದು ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಫೈನಲಿನಲ್ಲಿ ಭಾರತ ಮತ್ತು ಪಾಕಿಸ್ತಾನ 1-1ರಲ್ಲಿ ಸಮವಾದವು. ಶೂಟೌಟಿನಲ್ಲಿ ಭಾರತ 4-2ರಿಂದ ಗೆದ್ದಿತು. ಹದಿನಾರು ವರ್ಷಗಳ ನಂತರ ಬಂದ ಚಿನ್ನ ಅದು. 2016ರಲ್ಲಿ ರಿಯೋ ಒಲಿಂಪಿಕ್ಸ್, ಅಲ್ಲಿ ಕ್ವಾರ್ಟರ್ ಫೈನಲಿನಲ್ಲಿ ಬೆಲ್ಜಿಯಂ ಎದುರು ಸೋಲು. ಆ ವರ್ಷದ ಸಾಧನೆಗಾಗಿ ಏಷ್ಯನ್ ಹಾಕಿ ಒಕ್ಕೂಟ ಸುನಿಲ್ ಅವರನ್ನು ವರ್ಷದ ಆಟಗಾರ ಎಂದು ಗೌರವಿಸಿತು. 2017ರಲ್ಲಿ ಅರ್ಜುನ ಪ್ರಶಸ್ತಿಯೂ, ಢಾಕಾದಲ್ಲಿ ಏಷ್ಯಾ ಕಪ್ಪಿನ ಇನ್ನೊಂದು ಚಿನ್ನವೂ ಬಂದವು.

ಹೊಟ್ಟೆಪಾಡಿನ ಮಾತು? ಆಪಾ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ನಮ್ಮ ದೇಶದಲ್ಲಿ ಹಾಕಿ ಆಟಗಾರರನ್ನು ಬಹಳ ಕಾಲದಿಂದ ಸಾಕಿದ್ದು ರೈಲ್ವೆ, ಸೇನೆ, ತೈಲ ಕಂಪನಿಗಳ ನೌಕರಿ. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಬಂದ ಮೇಲೆ ಹರಾಜಿನಲ್ಲಿ ಆಟಗಾರರಿಗೆ ಒಳ್ಳೆಯ ಬೆಲೆ ಬಂತು. ಸುನಿಲ್ ಪಂಜಾಬ್ ವಾರಿಯರ್ಸ್ ಪರ ಆಡಿದರು. ಆದರೆ ಆ ಲೀಗ್ 2017ರ ನಂತರ ನಿಂತುಹೋಗಿ, ಮತ್ತೆ ಶುರುವಾದದ್ದು 2024ರ ಕೊನೆಯಲ್ಲಿ. ಕ್ರಿಕೆಟಿನ ಹಣ ಇಲ್ಲಿಲ್ಲ. ಅದನ್ನು ಮುಚ್ಚಿಟ್ಟು ಹುಡುಗನಿಗೆ ಆಸೆ ಹುಟ್ಟಿಸುವುದು ನನಗೆ ಸರಿಕಾಣಲಿಲ್ಲ. ರಾಜ್ಯಕ್ಕೆ ಆಡುವ ಮಟ್ಟ ತಲುಪಿದರೆ ನೌಕರಿಯ ಬಾಗಿಲು ತೆರೆಯಬಹುದು, ತಲುಪದಿದ್ದರೆ ಓದೇ ಗತಿ ಎಂದು ನೇರವಾಗಿ ಹೇಳಿದೆ.

ಸುನಿಲ್ ಕಥೆಯ ಕೊನೆಯೂ ಸಿನಿಮಾದಂತಿಲ್ಲ. 2018ರಲ್ಲಿ ಭುವನೇಶ್ವರದಲ್ಲಿ, ನಮ್ಮದೇ ನೆಲದಲ್ಲಿ ವಿಶ್ವಕಪ್. ಅದಕ್ಕೆ ಸ್ವಲ್ಪ ಮೊದಲು ಮೊಣಕಾಲಿಗೆ ಪೆಟ್ಟಾಗಿ ಅವರು ಹೊರಗುಳಿದರು. ಚೇತರಿಸಿಕೊಂಡು ಮರಳಿದರು. ಆದರೆ ಟೋಕಿಯೋ ಒಲಿಂಪಿಕ್ಸಿನ ತಂಡದಲ್ಲಿ ಹೆಸರಿರಲಿಲ್ಲ. 2021ರ ಆಗಸ್ಟ್ 5ರಂದು ಭಾರತ ಜರ್ಮನಿಯನ್ನು 5-4ರಿಂದ ಸೋಲಿಸಿ, 41 ವರ್ಷಗಳ ನಂತರ ಒಲಿಂಪಿಕ್ ಪದಕ ಗೆದ್ದಿತು. ಕೊನೆಯ ಸ್ಥಾನದ ಅವಮಾನವನ್ನು ಲಂಡನ್ನಿನಲ್ಲಿ ಉಂಡವರಿಗೆ ಕಂಚಿನ ದಿನ ಮೈದಾನದಲ್ಲಿರುವ ಭಾಗ್ಯ ಸಿಗಲಿಲ್ಲ. ಅದೇ ಅಕ್ಟೋಬರ್ 1ರಂದು, 32ನೆಯ ವಯಸ್ಸಿನಲ್ಲಿ, ಸುನಿಲ್ ಅಂತಾರಾಷ್ಟ್ರೀಯ ಹಾಕಿಗೆ ವಿದಾಯ ಹೇಳಿದರು. ಐದು ಜನರ ಪುಟ್ಟ ಮಾದರಿಯ ಆಟಕ್ಕೆ ಬೇಕಾದರೆ ಸಿಗುತ್ತೇನೆ ಎಂದೂ ತಿಳಿಸಿದರು.

ನಾನು ಮುಗಿಸುವಷ್ಟರಲ್ಲಿ ಹುಡುಗ ಅಂಗಳಕ್ಕೆ ಓಡಿಹೋಗಿದ್ದ. ಆಪಾ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಮ್ಮಿ ಇಲ್ಲದ ಮನೆಯಲ್ಲಿ ಆ ಹುಡುಗನಿಗೆ ಬೆಳಗ್ಗೆ ಬೇಗ ಎದ್ದು ಯಾರು ರೊಟ್ಟಿ ಮಾಡಿಕೊಡುತ್ತಿದ್ದರು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ನಾನು ಕೆ.ಆರ್. ಪೇಟೆ ಬಸ್ಸಿಗೆ ಹೊರಟಾಗ ಅವಳೂ ಚಪ್ಪಲಿ ಮೆಟ್ಟಿದಳು. ಅರ್ಜಿಗೆ ಹುಡುಗನ ಎರಡು ಫೋಟೋ ತೆಗೆಸಬೇಕಂತೆ.