ಬಂದರು ಸಭೆಗೆ ನಾವೂ ಹೋಗೋಣ

ಮಳೆಗಾಲ ಬಂತೆಂದರೆ ಉಳ್ಳಾಲ, ಸೋಮೇಶ್ವರ ಉಚ್ಚಿಲದ ಕಡೆ ಕಡಲ್ಕೊರೆತದ್ದೇ ಮಾತು. ಜುಮಾ ಮುಗಿಸಿ ಹೊರಗೆ ಬಂದರೆ ತಡೆಗೋಡೆಯ ಕಲ್ಲು ಎಷ್ಟು ಜಾರಿತು ಎಂದೇ ಲೆಕ್ಕ. ಆದರೆ ಕಡಲ ಬದಿಯಲ್ಲಿ ಏನು ಕಟ್ಟಬೇಕು, ಏನು ಕಟ್ಟಬಾರದು ಎಂದು ಚರ್ಚೆಯಾಗುವ ಸಭೆಗೆ ನಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೇವೆ?

ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರೆಂದು ಘೋಷಣೆಯಾಯಿತು. ಬಂದರಿನ ಕೆಲಸ, ಲಾರಿ, ವ್ಯಾಪಾರದಿಂದ ಬದುಕು ಕಟ್ಟಿಕೊಂಡವರು ನಮ್ಮಲ್ಲೂ ಇದ್ದಾರೆ. ಬಂದರೇ ಬೇಡ ಎನ್ನುವ ಮಾತು ನಮ್ಮದಲ್ಲ. ಆದರೆ ಕಡಲಿಗೆ ಕಲ್ಲಿನ ಗೋಡೆ ಹಾಕಿದರೆ ದಡದುದ್ದಕ್ಕೂ ಸಾಗುವ ಮರಳು ಒಂದು ಬದಿಯಲ್ಲಿ ನಿಲ್ಲುತ್ತದೆ, ಇನ್ನೊಂದು ಬದಿ ಕೊರೆಯುತ್ತದೆ. ಲಾಭ ಒಬ್ಬರಿಗೆ, ಮನೆ ಹೋಗುವುದು ಇನ್ನೊಬ್ಬರದ್ದು ಆಗಬಾರದಲ್ಲ.

ಕೇಳಲು ಕಾನೂನೇ ದಾರಿ ಕೊಟ್ಟಿದೆ. 2006ರ ಪರಿಸರ ಅಧಿಸೂಚನೆಯಂತೆ ದೊಡ್ಡ ಬಂದರು ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಆಗಬೇಕು. ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯತ್‌ನಲ್ಲಿ ಯಾರೂ ನೋಡಬಹುದು. ಬರಲಾಗದವರು ಬರೆದು ಕೊಡಬಹುದು.

ಒಂದು ವಿಷಯ ಗಮನಿಸಿ. ಈ ಸಭೆಗೆ ಕೋರಂ ಬೇಕಿಲ್ಲ. ನಾವು ಹೋದರೂ, ಹೋಗದಿದ್ದರೂ ಸಭೆ ನಡೆಯುತ್ತದೆ. ಕೊನೆಗೆ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕೆಂಬ ನಿಯಮವೂ ಇದೆ. ಮಾತಾಡಿ ಅರ್ಧದಲ್ಲೇ ಎದ್ದು ಬಂದರೆ ನಾವು ಹೇಳಿದ್ದು ದಾಖಲಾಯಿತೋ ಇಲ್ಲವೋ ಗೊತ್ತಾಗುವುದು ಹೇಗೆ?

ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್‌ನ, 2019ರ ಅಧಿಸೂಚನೆಯಂತೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಯಲ್ಲಿ ಮೀನುಗಾರರೂ ಸೇರಿ ಕಡಲತಡಿಯ ಸಮುದಾಯಗಳ ಕನಿಷ್ಠ ಮೂವರು ಇರಬೇಕು. ನಮ್ಮ ಜಿಲ್ಲೆಯಲ್ಲಿ ಆ ಮೂವರು ಯಾರೆಂದು ಕೇಳಿ ತಿಳಿದುಕೊಳ್ಳೋಣ.

ಕುರ್‌ಆನಿನಲ್ಲಿ ಶೂರಾ, ಅಂದರೆ ಸಮಾಲೋಚನೆ, ಎಂಬ ಹೆಸರಿನ ಅಧ್ಯಾಯವೇ ಇದೆ ಎಂದು ಮದ್ರಸದಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ. ಆಡಳಿತ ಮಾಡುವವರಿಗೆ ಕೇಳುವ ಹೊಣೆಯಿದ್ದರೆ ನಮಗೆ ಹೇಳುವ ಹೊಣೆಯಿದೆ. ಇನ್ನು ಅಂಥ ಪ್ರಕಟಣೆ ಕಂಡರೆ ಕತ್ತರಿಸಿ ಮಸೀದಿಯ ನೋಟಿಸ್ ಬೋರ್ಡಿಗೆ ಹಾಕಿ. ಜಮಾಅತ್ ಕಮಿಟಿ ವರದಿ ತರಿಸಲಿ, ಕಾಲೇಜಿಗೆ ಹೋಗುವ ಮಕ್ಕಳು ಅದನ್ನು ಹಿರಿಯರಿಗೆ ಬ್ಯಾರಿಯಲ್ಲಿ ವಿವರಿಸಲಿ. ಕಡಲು ಯಾರ ಮನೆಯೆಂದು ಕೇಳಿ ಕೊರೆಯುವುದಿಲ್ಲ. ಮೊಗವೀರ ಸಹೋದರರ ಜೊತೆಗೂಡಿಯೇ ಹೋಗೋಣ. ನಡಾವಳಿ ಓದಿ ಮುಗಿಯುವ ತನಕ ಅಲ್ಲೇ ಕೂತಿರೋಣ, ಇನ್‌ಶಾ ಅಲ್ಲಾಹ್.